ಸಾಹೇಬರ ಅಲ್ಮಾರಿ, ಗೇರಣ್ಣನ ಸೊಂಟ

ಪಿಂಚಣಿ ಕಚೇರಿಯ ಗೇಟಿನ ಎದುರು ಒಂದು ಜೆರಾಕ್ಸ್ ಅಂಗಡಿ. ಅದರ ಮೆಟ್ಟಿಲ ಪಕ್ಕದಲ್ಲಿ ಮಡಚುವ ಮೇಜು, ಕಬ್ಬಿಣದ ಕುರ್ಚಿ, ಕಾಗದ ಹಾರದಂತೆ ಇಟ್ಟ ಒಂದು ಇಟ್ಟಿಗೆ ಚೂರು. ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದವನನ್ನು ಎಲ್ಲರೂ ಗೇರಣ್ಣ ಎಂದೇ ಕರೆಯುತ್ತಿದ್ದರು. ಅವನ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ. ಮೆಟ್ಟಿಲು ಹತ್ತಬೇಕಾದರೆ ಒಂದು ಗಳಿಗೆ ನಿಂತು, ಸೊಂಟವನ್ನು ಪಕ್ಕಕ್ಕೆ ತಳ್ಳಿ, ತೊಡೆಯನ್ನು ಕೈಯಿಂದ ಹಿಡಿದೆತ್ತಿ ಮುಂದಿನ ಮೆಟ್ಟಿಲ ಮೇಲೆ ಇಡಬೇಕು. "ಗೇರ್ ಹಾಕ್ತಿದ್ದಾನೆ, ಜಾಗ ಬಿಡಿ" ಎಂದು ಜೆರಾಕ್ಸಿನವನು ಒಮ್ಮೆ ನಕ್ಕಿದ್ದ. ಸೈನ್ಯದಲ್ಲಿ ಲಾರಿ ಓಡಿಸಿದವನಿಗೆ ಆ ಹೆಸರು ಹೇಳಿ ಮಾಡಿಸಿದಂತೆ ಕೂತುಬಿಟ್ಟಿತು. ಅವನ ನಿಜವಾದ ಹೆಸರು ಬೇಕಾಗುತ್ತಿದ್ದದ್ದು ಮತದಾರರ ಪಟ್ಟಿಗೆ ಮಾತ್ರ.

ಅವನ ಕೆಲಸವೆಂದರೆ ಮಾಜಿ ಸೈನಿಕರ ಅರ್ಜಿ ಬರೆಯುವುದು. ಅದರಲ್ಲೂ ವಯಸ್ಸಾಗಿ ಬಂದವರಿಗಿಂತ, ವೈದ್ಯರು ಪರೀಕ್ಷಿಸಿ 'ನೀನಿನ್ನು ಸೇವೆಗೆ ಆಗುವುದಿಲ್ಲ' ಎಂದು ಕಳಿಸಿದವರೇ ಅವನ ಮುಂದೆ ಹೆಚ್ಚು ಸಾಲುಗಟ್ಟುತ್ತಿದ್ದರು. ಕಚೇರಿಯೊಳಗಿನ ಗುಮಾಸ್ತರು ಅರ್ಧ ತಾಸು ಬಡಬಡಿಸಿದರೂ ಅರ್ಥವಾಗದ್ದನ್ನು ಅವನು ಎರಡು ನಿಮಿಷದಲ್ಲಿ ಹೇಳುತ್ತಿದ್ದ.

"ನೋಡಪ್ಪಾ, ವೈದ್ಯರ ಮಂಡಳಿಯ ಕಾಗದದಲ್ಲಿ ಎಲ್ಲಾ ಬಿಟ್ಟು ಕೊನೇ ಸಾಲು ಓದು. 'ಊನ ಸೇವೆಯಿಂದ ಆದದ್ದೇ?' ಅಂತ ಕೇಳಿರ್ತಾರೆ. ಅದರ ಮುಂದೆ 'ಹೌದು' ಅಂತಿದ್ರೆ ನೀನು ಎಷ್ಟೇ ವರ್ಷ ದುಡಿದಿರು, ಪಿಂಚಣಿ ಬರುತ್ತೆ, ಅದರ ಮೇಲೆ ಊನದ ಪಾಲು ಬೇರೆ, ಸೈನ್ಯದ ಆಸ್ಪತ್ರೆ ಸಾಯೋವರೆಗೂ ಉಚಿತ. 'ಇಲ್ಲ' ಅಂತಿದ್ರೆ ವರ್ಷ ಎಣಿಸ್ತಾರೆ. ಹದಿನೈದಕ್ಕೆ ಒಂದು ದಿನ ಕಮ್ಮಿ ಇದ್ರೂ ಒಂದಿಷ್ಟು ದುಡ್ಡು ಕೈಗಿಟ್ಟು, ಬಾಗಿಲು ತೋರಿಸ್ತಾರೆ."

"ನಿಮ್ಮದರಲ್ಲಿ ಏನಂತ ಇದೆ ಅಣ್ಣಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಇಲ್ಲ ಅಂತ. ಹದಿನಾಲ್ಕು ವರ್ಷ, ಏಳು ತಿಂಗಳು" ಎಂದು ಹೇಳಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಹೇಳಿದರೆ ಹಲ್ಲು ಕಡಿಯಬೇಕಾಗುತ್ತಿತ್ತು, ಹಾಗೆ ಕಡಿದೂ ಕಡಿದೂ ಎರಡು ದವಡೆ ಹಲ್ಲು ಆಗಲೇ ಹೋಗಿದ್ದವು.

ಅವನು ಹೇಳದಿದ್ದುದನ್ನು ನಾನು ಹೇಳುತ್ತೇನೆ. ಹೇಳದಿದ್ದರೆ ನನ್ನ ಹೊಟ್ಟೆಯೂ ಉರಿಯುತ್ತದೆ.

ಅದೊಂದು ಭಾನುವಾರ. ಅವನ ತುಕಡಿಯ ಮೇಜರ್ ಸಾಹೇಬರು ಹೊಸ ಬಂಗಲೆಗೆ ಮನೆ ಬದಲಾಯಿಸುತ್ತಿದ್ದರು. ಸರ್ಕಾರಿ ಲಾರಿಯಲ್ಲಿ ಸ್ವಂತ ಮನೆಯ ಸಾಮಾನು ಸಾಗಿಸಲು ಮೇಲಿನವರ ಅನುಮತಿ ಬೇಕು, ಬಾಡಿಗೆ ಕಟ್ಟಬೇಕು. ಸಾಹೇಬರು ಎರಡೂ ಮಾಡಲಿಲ್ಲ. "ಭಾನುವಾರ ಯಾರು ನೋಡ್ತಾರೆ, ತಗೊಂಡು ಬಾ" ಎಂದರು. ಅವನು ತಂದ. ಸೈನ್ಯದಲ್ಲಿ ಡ್ರೈವರ್ ಆದವನು ಸಾಹೇಬರ ಬಾಯಿಮಾತಿಗೆ ಚೀಟಿ ಕೇಳುವುದಿಲ್ಲ. ಕೇಳಿದವನು ಮುಂದಿನ ಚಳಿಗಾಲವನ್ನು ಯಾವ ಬೆಟ್ಟದ ತುದಿಯಲ್ಲಿ ಕಳೆಯಬೇಕಾಗುತ್ತದೆಂದು ಎಲ್ಲರಿಗೂ ಗೊತ್ತು.

ಇಳಿಜಾರಿನ ತಿರುವಿನಲ್ಲಿ ಲಾರಿಯ ಬ್ರೇಕು ಕೈಕೊಟ್ಟಿತು. ಎದುರಿಗೆ ಜನ ತುಂಬಿದ ಬಸ್ಸು ಬರುತ್ತಿತ್ತು. ಅವನು ಲಾರಿಯನ್ನು ಎಡಕ್ಕೆ ಎಳೆದು ಕಲ್ಲಿನ ಗೋಡೆಗೆ ಕೊಟ್ಟ. ಬಸ್ಸಿನವರಿಗೆ ಒಂದು ತರಚು ಗಾಯವೂ ಆಗಲಿಲ್ಲ. ಅವನ ಸೊಂಟದ ಕೀಲು ಮಾತ್ರ ಚೂರುಚೂರಾಯಿತು.

ಮೂರನೆಯ ದಿನ ಸಾಹೇಬರು ಆಸ್ಪತ್ರೆಗೆ ಬಂದರು. ಕೈಯಲ್ಲಿ ಹಣ್ಣಿನ ಚೀಲ, ಕಂಕುಳಲ್ಲಿ ಒಂದು ಕಡತ. ಸೊಂಟದಿಂದ ಪಾದದವರೆಗೆ ಸಿಮೆಂಟಿನ ಕಟ್ಟಿನಲ್ಲಿ ಬಿದ್ದಿದ್ದವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ನಿಟ್ಟುಸಿರು ಬಿಟ್ಟು ಅವರು ಆಡಿದ ಮೊದಲ ಮಾತು ಇದು:

"ಅಲ್ಮಾರಿ ಕನ್ನಡಿ ಪುಡಿಪುಡಿ ಆಯ್ತಲ್ಲಯ್ಯಾ. ತೇಗದ್ದು. ನಮ್ಮ ಮಾವನವರು ಮದುವೇಲಿ ಕೊಟ್ಟಿದ್ದು. ಅಂಥ ಕನ್ನಡಿ ಈಗ ಎಲ್ಲಿ ಸಿಗುತ್ತೆ?"

ನೋವಿನ ಮದ್ದಿನ ಮಂಪರಿನಲ್ಲಿದ್ದರೂ ಆ ಮಾತು ಅವನ ಎದೆಯಲ್ಲಿ ಹೋಗಿ ನಾಟಿತು. ಅಲ್ಲಿಂದ ಅದನ್ನು ಯಾವ ವೈದ್ಯನೂ ಕೀಳಲಾರದಾದ.

ಆಮೇಲೆ ಕಡತ ತೆರೆದುಕೊಂಡಿತು. "ನಾನು ಎಲ್ಲಾ ನೋಡ್ಕೋತೀನಿ. ನೀನೇನೂ ಯೋಚನೆ ಮಾಡಬೇಡ. ನನ್ನ ಸಾಮಾನಿನ ವಿಷಯ ಮಾತ್ರ ಎತ್ತಬೇಡ. ರಜಾ ದಿನ ಬ್ರೇಕು ನೋಡೋಕೆ ಅಂತ ನೀನೇ ಲಾರಿ ತಗೊಂಡೆ ಅಂತ ಬರೆದಿದೆ. ಇಲ್ಲಿ ಒಂದು ಸಹಿ ಹಾಕು."

ಅವನು ಹಾಕಿದ. ಮಲಗಿದ್ದಲ್ಲೇ, ಕಡತವನ್ನು ಎದೆಯ ಮೇಲಿಟ್ಟುಕೊಂಡು ಹಾಕಿದ. ಹೊರಗಿನವರಿಗೆ ಇದು ಶುದ್ಧ ಪೆದ್ದುತನವಾಗಿ ಕಾಣುತ್ತದೆ. ಆದರೆ ಹದಿನಾಲ್ಕು ವರ್ಷ ಹೇಳಿದ ಕಡೆ ಸಹಿ ಹಾಕಿದ ಕೈಗೆ ಬೇರೆ ಅಭ್ಯಾಸವೇ ಇರುವುದಿಲ್ಲ. ಓದಿ ಸಹಿ ಹಾಕುವ ಸಿಪಾಯಿಯನ್ನು ನಾನಂತೂ ಕಂಡಿಲ್ಲ.

ಐದು ತಿಂಗಳ ಮೇಲೆ ವೈದ್ಯರ ಮಂಡಳಿ ಕೂತು ಅವನನ್ನು ಮನೆಗೆ ಕಳಿಸಿತು. ಕೊನೆಯ ಸಾಲಿನಲ್ಲಿ 'ಇಲ್ಲ' ಎಂದಿತ್ತು. ಕಾರಣ: ಅಪಘಾತದ ದಿನ ರಜೆಯಲ್ಲಿದ್ದ, ಅನುಮತಿಯಿಲ್ಲದೆ ವಾಹನ ತೆಗೆದುಕೊಂಡ, ಅವನದೇ ಹೇಳಿಕೆ ಇದೆ. ರಜೆ ಪುಸ್ತಕದಲ್ಲಿ ಆ ಭಾನುವಾರಕ್ಕೆ ಅವನ ಹೆಸರಲ್ಲಿ ಒಂದು ದಿನದ ರಜೆ ಬರೆದಿತ್ತು. ಆ ಶಾಯಿ ಉಳಿದ ಸಾಲುಗಳಿಗಿಂತ ಹೊಸದಾಗಿ ಹೊಳೆಯುತ್ತಿತ್ತು.

ಅವನು ಊರುಗೋಲು ಊರಿಕೊಂಡು ಸಾಹೇಬರ ಬಂಗಲೆಗೆ ಹೋದ. ಒಂದೇ ಒಂದು ಸಾಲು ಬರೆದುಕೊಡಿ ಸರ್, ನಾನೇ ಕಳಿಸಿದ್ದೆ ಅಂತ, ಎಂದು ಕೈಮುಗಿದ. ಸಾಹೇಬರು ವರಾಂಡದಿಂದ ಕೆಳಗಿಳಿಯಲಿಲ್ಲ.

"ದಾಖಲೆಯಲ್ಲಿ ಇಲ್ಲದ ಮಾತು ನಾನು ಹೇಗಯ್ಯಾ ಹೇಳಲಿ?"

ಇಷ್ಟು ಹೇಳಿ ಒಳಗೆ ಹೋದರು. ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿತು. ಬಂಗಲೆಯ ಮೆಟ್ಟಿಲ ಮೇಲೆ ನಿಂತಿದ್ದ ಆ ಮನುಷ್ಯ ಅವತ್ತಿನಿಂದ ಬೇರೆಯೇ ಆದ. ಮೊದಲು ಅವನಿಗೆ ಕೋಪ ಬಂದರೆ ಕೂಗಾಡಿ ಮರೆತುಬಿಡುತ್ತಿದ್ದ. ಈಗ ಕೂಗಾಟ ನಿಂತುಹೋಯಿತು. ನಿಯಮದ ಪುಸ್ತಕ ಕೊಂಡು ತಂದ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು ಒಂದೊಂದು ವಾಕ್ಯಕ್ಕೂ ಬೆರಳಿಟ್ಟು ಓದಿದ. ಎರಡು ವರ್ಷದಲ್ಲಿ ಪಿಂಚಣಿ ಕಚೇರಿಯ ಗುಮಾಸ್ತರೇ ಗೇಟು ದಾಟಿ ಬಂದು ಅವನನ್ನು ಕೇಳುವಂತಾಯಿತು. ತನ್ನ ಅರ್ಜಿಯನ್ನು ಮಾತ್ರ ಐದು ಸಲ ಹಾಕಿದ, ಐದು ಸಲವೂ 'ನಿಮ್ಮದೇ ಹೇಳಿಕೆ ಇದೆ' ಎಂದು ತಿರುಗಿ ಬಂತು.

ಮನೆ ನಡೆಸಿದವಳು ಅವನ ಹೆಂಡತಿ. ಪರದೆ, ದಿಂಬಿನ ಹೊದಿಕೆ ಹೊಲಿಯುವ ಅಂಗಡಿಯಲ್ಲಿ ಅವಳ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿಗೆ ಅಂಗಡಿಯ ಉಳಿಕೆ ಬಟ್ಟೆಯ ಪರದೆ, ಎಡಗಡೆ ನೀಲಿ, ಬಲಗಡೆ ಹೂವಿನದು. ಅವನಿಗೆ ನೆಲದ ಮೇಲೆ ಕೂರಲಾಗದು, ಮೆತ್ತನೆಯ ಹಾಸಿಗೆಯಲ್ಲಿ ಮಲಗಲಾಗದು. ಅವನಿಗಾಗಿ ಒಂದು ಹಲಗೆ ಮಂಚ ಮಾಡಿಸಿದ್ದಳು. ಈಚೆಗೆ ಆ ಹಲಗೆಯ ಮೇಲೂ ಮಗ್ಗುಲು ಬದಲಿಸುವುದು ಕಷ್ಟವಾಗಿತ್ತು. ಕೀಲು ಸವೆದು ಎಲುಬಿಗೆ ಎಲುಬು ತಿಕ್ಕುತ್ತಿದೆ, ಹೊಸ ಕೀಲು ಹಾಕದಿದ್ದರೆ ಇನ್ನೊಂದೆರಡು ವರ್ಷದಲ್ಲಿ ನಡಿಗೆಯೇ ನಿಲ್ಲುತ್ತದೆ ಎಂದು ವೈದ್ಯರು ಹೇಳಿದ್ದರು. ಹೊರಗಿನ ಆಸ್ಪತ್ರೆಯ ಖರ್ಚು ಕೇಳಿ ಗಂಡಹೆಂಡಿರು ಬಂದ ದಾರಿಯಲ್ಲೇ ಮನೆಗೆ ತಿರುಗಿದ್ದರು. ಸೈನ್ಯದ ಆಸ್ಪತ್ರೆ ಉಚಿತವಾಗಿ ಮಾಡುತ್ತದೆ, ಆದರೆ ಕೊನೆಯ ಸಾಲಿನಲ್ಲಿ 'ಹೌದು' ಎಂದಿದ್ದವರಿಗೆ ಮಾತ್ರ. ಈಗ ಅವನ ನಡಿಗೆಯೆಲ್ಲ ಆ ಒಂದು ಪದದ ಮೇಲೆ ನಿಂತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯುವಕ ಮೇಜಿನ ಮುಂದೆ ಬಂದು ನಿಂತ. ಬ್ಯಾಂಕಿನಲ್ಲಿ ಕೆಲಸವಂತೆ. ತುಂಬಾ ಮರ್ಯಾದಸ್ಥ.

"ಇಲ್ಲಿ ಗೇರಣ್ಣ ಅಂದ್ರೆ ನೀವೇನಾ? ನಮ್ಮ ಮಾವನವರದ್ದು ಒಂದು ಅರ್ಜಿ ಇತ್ತು. ಅವರು ಕರ್ನಲ್ ಆಗಿ ನಿವೃತ್ತಿ ಆಗಿದ್ದಾರೆ. ಬೆನ್ನು ನೋವಿದೆ ಅಂತ ವೈದ್ಯರ ಮಂಡಳಿ ಊನದ ಪಾಲು ಕೊಟ್ಟಿದೆ. ಆದ್ರೆ ಕಮ್ಮಿ ಕೊಟ್ಟಿದ್ದಾರೆ, ಜಾಸ್ತಿ ಮಾಡಿಸಬೇಕು ಅಂತಾರೆ. ನಿಮ್ಮ ಕೈಯಲ್ಲಿ ಬರೆಸಿದ್ರೆ ಆಗುತ್ತೆ ಅಂತ ಎಲ್ಲರೂ ಹೇಳಿದ್ರು."

ಗೇರಣ್ಣ ಕಡತ ಬಿಚ್ಚಿದ. ಮೊದಲ ಹಾಳೆಯಲ್ಲೇ ಆ ಹೆಸರಿತ್ತು.

ಅವನು ಓದುತ್ತ ಹೋದ. ಸಾಹೇಬರ ಬೆನ್ನಿನ ಊನಕ್ಕೆ ಕಾರಣವೆಂದು ಒಂದು ಅಪಘಾತ ಬರೆದಿತ್ತು. ಅದೇ ತಾರೀಕು, ಅದೇ ಇಳಿಜಾರು, ಅದೇ ಲಾರಿ ನಂಬರು. ತುಕಡಿಯ ಸಾಮಾನು ಸಾಗಿಸುವ ಕರ್ತವ್ಯದಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದಾಗ ಗೋಡೆಗೆ ಗುದ್ದಿ ಬೆನ್ನಿಗೆ ಪೆಟ್ಟಾಯಿತಂತೆ. ಕೊನೆಯ ಸಾಲು: 'ಸೇವೆಯಿಂದ ಆದದ್ದೇ? ಹೌದು.'

ಪಕ್ಕದ ಸೀಟಿನಲ್ಲಿ ಆ ದಿನ ಕೂತಿದ್ದದ್ದು ಸಾಹೇಬರ ಹೆಂಡತಿಯ ಮೂರು ಹೂಕುಂಡಗಳು. ಹಗ್ಗ ಕಟ್ಟಿದವನು ಅವನೇ.

ಮನುಷ್ಯನಿಗೆ ಹಸಿವೆ ಇದ್ದರೆ ತಿಂದು ಸುಮ್ಮನಾಗುತ್ತಾನೆ. ಸಾಹೇಬರದು ಹಸಿವೆಯಲ್ಲ. ಡ್ರೈವರನ ಮುರಿದ ಸೊಂಟವನ್ನು ಅಂದು ಮುಚ್ಚಿ ಹಾಕಿದರು; ಇಂದು ಅದೇ ಸೊಂಟದಿಂದ ತಮ್ಮ ಬೆನ್ನಿಗೆ ಪಾಲು ತೆಗೆದುಕೊಂಡು, ಸಾಲದೆಂದು ಹೆಚ್ಚಿಗೆ ಕೇಳಲು ಅಳಿಯನನ್ನು ಕಳಿಸಿದ್ದರು. ಗೇರಣ್ಣ ಕಡತ ಮುಚ್ಚಿ, ಅದರ ಮೇಲೆ ಇಟ್ಟಿಗೆ ಚೂರು ಇಟ್ಟ.

"ಬರೀತೀನಿ" ಎಂದ, ತಣ್ಣಗೆ. "ಬಹಳ ಚೆನ್ನಾಗಿ ಬರೀತೀನಿ. ದುಡ್ಡು ಬೇಡ. ಕರ್ನಲ್ ಸಾಹೇಬ್ರ ಸೇವೆ ಅಂದ್ಕೋತೀನಿ."

ನಿಜಕ್ಕೂ ಚೆನ್ನಾಗಿ ಬರೆದ. ಹನ್ನೊಂದು ವರ್ಷದಲ್ಲಿ ಅಂಥ ಅರ್ಜಿಯನ್ನು ಅವನು ಬರೆದಿರಲಿಲ್ಲ. ಸಾಹೇಬರು ಹೇಳಿಕೊಂಡದ್ದನ್ನೇ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ತಾರೀಕು, ತಾಸು, ಲಾರಿ ನಂಬರು ಸಮೇತ ಸಾಲಾಗಿ ಜೋಡಿಸಿದ. ಕೊನೆಯಲ್ಲಿ 'ಮಂಡಳಿಯು ನನ್ನನ್ನು ಖುದ್ದಾಗಿ ಕರೆದು ಕೇಳಬೇಕೆಂದು ವಿನಂತಿ' ಎಂದು ಸೇರಿಸಿದ. ಸಾಹೇಬರು ಅದನ್ನು ಓದದೆ ಸಹಿ ಹಾಕಿ ಕಳಿಸಿದರು. ಇಷ್ಟು ವರ್ಷ ಬೇರೆಯವರು ಬರೆದದ್ದಕ್ಕೆ ಸಹಿ ಹಾಕಿದ ಕೈ ಅದೂ.

ಮರುವಾರ ಗೇರಣ್ಣ ತನ್ನ ಆರನೆಯ ಅರ್ಜಿ ಹಾಕಿದ. ಅದರಲ್ಲಿದ್ದದ್ದು ಒಂದೇ ಕೋರಿಕೆ: ಒಂದೇ ಅಪಘಾತದ ಎರಡು ಕಡತಗಳಿವೆ, ಎರಡನ್ನೂ ಒಂದೇ ದಿನ ಒಂದೇ ಮೇಜಿನ ಮೇಲೆ ಇಟ್ಟು ನೋಡಿ.

ಇಬ್ಬರಿಗೂ ನೋಟೀಸು ಹೋಯಿತು. ನೋಟೀಸು ತಲುಪಿದ ಮೂರನೆಯ ದಿನ ಸಂಜೆ ಸಾಹೇಬರು ಗೇರಣ್ಣನ ಮನೆ ಹುಡುಕಿಕೊಂಡು ಬಂದರು. ಕೂದಲು ಬೆಳ್ಳಗಾಗಿತ್ತು, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗಿತ್ತು. ಹೆಂಡತಿ ಕುರ್ಚಿ ಹಾಕಿದಳು. ಈ ಸಲವೂ ಕೈಯಲ್ಲಿ ಹಣ್ಣಿನ ಚೀಲವಿತ್ತು.

"ಹಳೇದೆಲ್ಲ ಬಿಡು" ಎಂದರು. "ನಾನೇ ನಿನಗೆ ಬರೆದುಕೊಡ್ತೀನಿ. ಲಾರಿ ಡ್ಯೂಟಿ ಮೇಲಿತ್ತು, ಇವನು ಓಡಿಸ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ ಅಂತ. ನೀನೂ ಅಷ್ಟೇ ಹೇಳು, ಸಾಹೇಬ್ರು ಪಕ್ಕದಲ್ಲಿದ್ರು ಅಂತ. ನಿನ್ನ ಕೆಲಸವೂ ಆಯ್ತು, ನನ್ನದೂ ಆಯ್ತು. ಇಲ್ಲದಿದ್ರೆ ಒಂದು ಯೋಚನೆ ಮಾಡು. ನಾನು ಲಾರಿಯಲ್ಲೇ ಇರಲಿಲ್ಲ ಅಂತ ನೀನು ತೋರಿಸಿದ್ರೆ ನನ್ನ ಕಾಗದ ಬಿದ್ದುಹೋಗುತ್ತೆ. ಆದ್ರೆ ನೀನು ಡ್ಯೂಟಿ ಮೇಲಿದ್ದೆ ಅಂತ ಹೇಳೋದು ಈ ಲೋಕದಲ್ಲಿ ಅದೊಂದೇ ಕಾಗದ."

ಅದು ನಿಜವಾಗಿತ್ತು. ಗೇರಣ್ಣನಿಗೂ ಅದು ಗೊತ್ತಿತ್ತು. ಅವನ ಸತ್ಯಕ್ಕೆ ಇದ್ದ ಒಂದೇ ಸಾಕ್ಷಿ ಸಾಹೇಬರ ಸುಳ್ಳು. ಆ ಸುಳ್ಳನ್ನು ಕೆಡವಿದರೆ ತಾನು ನಿಂತ ಹಲಗೆಯನ್ನೇ ಎಳೆದಂತಾಗುತ್ತಿತ್ತು.

"ಯೋಚನೆ ಮಾಡಿ ಹೇಳ್ತೀನಿ ಸರ್" ಎಂದ.

ಸಾಹೇಬರು ಹೋದ ಮೇಲೆ ಹೆಂಡತಿ ಅವನ ಎದುರು ಬಂದು ನಿಂತಳು.

"ರೀ, ಒಪ್ಪಿಕೊಳ್ಳಿ."

"ಏನಂತ ಒಪ್ಪಿಕೊಳ್ಳಲಿ?"

"ಕೂತಿದ್ರು ಅಂತ. ತೊಡೆ ಮೇಲೆ ಕೂರಿಸಿಕೊಂಡಿದ್ದೆ ಅಂತ ಬೇಕಾದ್ರೂ ಹೇಳಿ. ನನಗೇನು? ನನಗೆ ನಿಮ್ಮ ಕಾಲು ಬೇಕು. ಬೆಳಿಗ್ಗೆ ಎದ್ದು ನಿಲ್ಲೋಕೆ ನೀವು ಗೋಡೆ ಹಿಡಿದು ಹಲ್ಲು ಕಚ್ಚೋದನ್ನ ನೋಡೋಳು ನಾನು, ಆ ಸಾಹೇಬ ಅಲ್ಲ."

"ಹನ್ನೊಂದು ವರ್ಷ ಕಾಗದದ ಮೇಲೆ ಸುಳ್ಳುಗಾರ ಆಗಿದೀನಿ ಕಣೇ. ಈಗ ನಿಜದವನು ಅನ್ನಿಸಿಕೊಳ್ಳೋಕೆ ಅವನ ಜೊತೆ ಸೇರಿ ಇನ್ನೊಂದು ಸುಳ್ಳು ಹೇಳಬೇಕಾ? ಆಮೇಲೆ ಪ್ರತಿ ತಿಂಗಳು ಪಿಂಚಣಿ ಬಂದಾಗಲೆಲ್ಲ ಅವನ ಮನೆಗೂ ಅದೇ ದಿನ ಬಂತು ಅಂತ ನೆನಪಾಗುತ್ತೆ. ಅದಕ್ಕಿಂತ ಕುಂಟೋದು ವಾಸಿ."

"ಹಗೆ ಇಟ್ಟುಕೊಂಡು ಮಂಚದ ಮೇಲೆ ಮಲಗಿರ್ತೀರಾ? ಎತ್ತಿ ಕೂರಿಸೋದು ಯಾರು, ಹಗೆ ಬಂದು ಕೂರಿಸುತ್ತಾ?" ಎಂದು ಅವಳು ಕಣ್ಣೊರೆಸಿಕೊಂಡು, ಹಣ್ಣಿನ ಚೀಲವನ್ನು ಎತ್ತಿಕೊಂಡು ಹೋಗಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದಳು. ಒಪ್ಪಿಕೊಳ್ಳಿ ಎಂದವಳೂ ಅವಳೇ, ಚೀಲ ಎಸೆದವಳೂ ಅವಳೇ. ಅವನಿಗೆ ನಗು ಬಂತು. ಎಷ್ಟೋ ವರ್ಷದ ಮೇಲೆ ಬಂದ ನಗು.

ಮರುದಿನ ಅಳಿಯನಿಗೆ ಫೋನು ಮಾಡಿ, "ನಿಮ್ಮ ಮಾವನವರಿಗೆ ಹೇಳಿ, ನಾನು ನಿಜಾನೇ ಹೇಳ್ತೀನಿ ಅಂತ" ಎಂದ. ಸಾಹೇಬರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು. ಹುಡುಕಿಕೊಳ್ಳಲಿ ಎಂದೇ ಹೇಳಿದ. ಅಲ್ಲಿಂದ ವಿಚಾರಣೆಯ ದಿನದವರೆಗೆ ಅವನು ಬೇರೇನೂ ಮಾಡಲಿಲ್ಲ. ಮೇಜಿನ ಮುಂದೆ ಕೂತು, ಆಸ್ಪತ್ರೆಯಲ್ಲಿ ಕೇಳಿದ ಆ ಮೊದಲ ಮಾತನ್ನು ತಿರುವಿ ಹಾಕುತ್ತ ಕಳೆದ. ಸೊಂಟ ಮುರಿದವನ ಮುಂದೆ ಕನ್ನಡಿಗಾಗಿ ನಿಟ್ಟುಸಿರು ಬಿಟ್ಟ ಮನುಷ್ಯ. ಅಂಥವನನ್ನು ಎಲ್ಲಿ ಚುಚ್ಚಿದರೆ ನೋಯುತ್ತದೆ ಎನ್ನುವುದು ಅವನಿಗೆ ಕೊನೆಗೂ ಹೊಳೆಯಿತು.

ಮಂಡಳಿ ಸೇರಿದ್ದು ಆಸ್ಪತ್ರೆಯ ಎರಡನೆಯ ಮಹಡಿಯ ಕೋಣೆಯಲ್ಲಿ. ಮೂಲೆಯಲ್ಲಿ ತೂಕದ ಯಂತ್ರ, ಗೋಡೆಗೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ, ಉದ್ದನೆಯ ಮೇಜಿನ ಹಿಂದೆ ಮೂವರು: ಅಧ್ಯಕ್ಷೆಯಾಗಿ ಬಿಳಿಕೂದಲಿನ ಒಬ್ಬ ವೈದ್ಯೆ, ಇನ್ನೊಬ್ಬ ವೈದ್ಯರು, ಪಿಂಚಣಿ ವಿಭಾಗದ ಒಬ್ಬ ಅಧಿಕಾರಿ. ಪಕ್ಕದಲ್ಲಿ ಹೇಳಿದ್ದನ್ನೆಲ್ಲ ಟೈಪು ಮಾಡುವ ಒಬ್ಬ ಗುಮಾಸ್ತ. ಲಿಫ್ಟ್ ಕೆಟ್ಟಿದ್ದರಿಂದ ಗೇರಣ್ಣ ಒಂದೊಂದೇ ಮೆಟ್ಟಿಲಿಗೆ ಕಾಲೆತ್ತಿಡುತ್ತ ಬಂದ. ಅವನನ್ನು ದಾಟಿಕೊಂಡು ಸಾಹೇಬರು ಸರಸರನೆ ಹತ್ತಿ ಹೋದರು. ಬಾಗಿಲ ಬಳಿ ಬಂದಾಗ ನೆನಪಾಗಿ, ಒಂದು ಕೈ ಬೆನ್ನಿಗಿಟ್ಟುಕೊಂಡು ಒಳಗೆ ಕಾಲಿಟ್ಟರು.

"ಎರಡೂ ಕಡತ ಓದಿದೀವಿ" ಎಂದರು ಅಧ್ಯಕ್ಷೆ. "ಒಂದೇ ದಿನ, ಒಂದೇ ಲಾರಿ. ಒಂದರಲ್ಲಿ ಲಾರಿ ಡ್ಯೂಟಿ ಮೇಲಿದೆ, ಒಂದರಲ್ಲಿ ಡ್ರೈವರ್ ಹೇಳದೆ ಕೇಳದೆ ತಗೊಂಡು ಹೋಗಿದಾನೆ. ಏನಿದು?"

ಸಾಹೇಬರು ತಯಾರಾಗಿ ಬಂದಿದ್ದರು. "ಮೇಡಂ, ತುಂಬಾ ವರ್ಷದ ಮಾತು. ನನ್ನ ಅಪಘಾತ ಬೇರೆ, ಇವನದು ಬೇರೆ. ಗುಮಾಸ್ತರು ತಾರೀಕು, ನಂಬರು ಬೆರೆಸಿ ಬರೆದಿರಬೇಕು. ಇವನು ಆ ಭಾನುವಾರ ಲಾರಿ ಯಾಕೆ ತಗೊಂಡ, ಅದರಲ್ಲಿ ಏನಿತ್ತು, ನನಗೆ ಏನೇನೂ ಗೊತ್ತಿಲ್ಲ."

ಹೀಗೆ ತಿಪ್ಪೆ ಸಾರಿಸಿ, ನೆಮ್ಮದಿಯಿಂದ ಕುರ್ಚಿಗೆ ಒರಗಿದರು. ಅಧ್ಯಕ್ಷೆ ಗೇರಣ್ಣನ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

ಗೇರಣ್ಣ ಎದ್ದು ನಿಂತ. "ಸಾಹೇಬ್ರಿಗೆ ಗೊತ್ತಿರಲಿಕ್ಕಿಲ್ಲ ಮೇಡಂ. ನನ್ನ ಲಾರಿಯಲ್ಲಿ ಇದ್ದದ್ದು ಯಾರದೋ ಮನೆಯ ಹಳೇ ಸಾಮಾನು. ಅದೂ ಏನು ಮಹಾ? ಗುಜರಿಯವನೂ ಮುಟ್ಟದಂಥದ್ದು. ಒಂದು ಅಲ್ಮಾರಿ ಇತ್ತು, ಯಾವುದೋ ಕಾಡು ಮರದ್ದು, ಅರ್ಧ ಗೆದ್ದಲು ತಿಂದಿತ್ತು."

ಸಾಹೇಬರ ಕಿವಿ ಕೆಂಪಾಯಿತು. ಕುರ್ಚಿ ಕಿರುಗುಟ್ಟಿತು.

"ಅದಕ್ಕೊಂದು ಕನ್ನಡಿ ಬೇರೆ" ಎಂದು ಗೇರಣ್ಣ ಮೆಲ್ಲಗೆ ಮುಂದುವರಿಸಿದ. "ಅದು ಮೊದಲೇ ಒಡೆದಿತ್ತು. ಮೂಲೆಯಿಂದ ಮೂಲೆಗೆ ಬಿರುಕು. ಯಾರೋ ಪಾಪ, ಮದುವೇಲಿ ಬಿಟ್ಟಿ ಸಿಕ್ಕಿದ್ದನ್ನ ಎಸೆಯೋಕೆ ಮನಸ್ಸಿಲ್ಲದೆ—"

"ಏಯ್!" ಸಾಹೇಬರು ಎದ್ದು ನಿಂತಿದ್ದರು. ಬೆನ್ನ ಮೇಲಿನ ಕೈ ಯಾವಾಗ ಕೆಳಗೆ ಬಿತ್ತೋ ಅವರಿಗೇ ಗೊತ್ತಿಲ್ಲ. "ಯಾವನೋ ಹೇಳಿದ್ದು ಗೆದ್ದಲು ಅಂತ? ತೇಗ ಅದು, ಅಪ್ಪಟ ತೇಗ! ನಮ್ಮ ಮಾವನವರು ಮುಂದೆ ನಿಂತು ಮಾಡಿಸಿದ್ದು! ಬಿರುಕಂತೆ! ಬೆಳಿಗ್ಗೆ ಏಳು ಗಂಟೆಗೆ ನಾನೇ ನಿಂತು ಲಾರಿಗೆ ಹತ್ತಿಸಿದೀನಿ, ನಾನೇ ಕಂಬಳಿ ಸುತ್ತಿಸಿದೀನಿ, ಒಂದು ಗೀರು ಇರಲಿಲ್ಲ ಅದರ ಮೇಲೆ! ಹುಷಾರಾಗಿ ಹೋಗು ಅಂತ ಸಾವಿರ ಸಲ ಹೇಳಿ ಕಳಿಸಿದೆ, ಹಿಂದೆ ಜೀಪಲ್ಲಿ ಬಂದು ನೋಡಿದ್ರೆ ಪುಡಿಪುಡಿ ಮಾಡಿಟ್ಟಿದ್ದ, ಮುಟ್ಠಾಳ!"

ಟೈಪು ಮಾಡುತ್ತಿದ್ದ ಗುಮಾಸ್ತನ ಬೆರಳು ಒಂದು ಕ್ಷಣ ನಿಂತಿತು.

"ಮೇಡಂ, ಜೀಪಲ್ಲಿ ಅಂದ್ರಲ್ಲ, ಅದನ್ನೂ ಹಾಕ್ಲಾ?"

"ಹಾಕಿ" ಎಂದರು ಅಧ್ಯಕ್ಷೆ. "ಒಂದಕ್ಷರ ಬಿಡಬೇಡಿ. 'ನಾನೇ ಹತ್ತಿಸಿದೀನಿ, ಹೇಳಿ ಕಳಿಸಿದೆ' ಅನ್ನೋದನ್ನ ಮೊದಲು ಹಾಕಿ. 'ಹಿಂದೆ ಜೀಪಲ್ಲಿ ಬಂದೆ' ಅನ್ನೋದನ್ನ ಆಮೇಲೆ." ಆಮೇಲೆ ಸಾಹೇಬರತ್ತ ನೋಡಿ, "ಕೂತ್ಕೊಳ್ಳಿ ಕರ್ನಲ್. ಬೆನ್ನು ನೋವಿರೋರು ಅಷ್ಟು ಬೇಗ ಏಳಬಾರದು" ಎಂದರು.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಕೂರಲು ಹೋಗಿ ಕುರ್ಚಿಯ ತುದಿಗೆ ಕೂತು, ಮತ್ತೆ ಹಿಂದಕ್ಕೆ ಸರಿದು ಕೂತರು. ಅವರ ಒಂದೇ ಉಸಿರಿನ ಮಾತು ಅವರನ್ನು ಲಾರಿಯಿಂದ ಇಳಿಸಿತ್ತು, ಗೇರಣ್ಣನನ್ನು ಡ್ಯೂಟಿಗೆ ಹತ್ತಿಸಿತ್ತು. ಅಧಿಕಾರಿಯೇ ಹೇಳಿ ಕಳಿಸಿದ ಮೇಲೆ ಡ್ರೈವರಿಗೆ ಅದು ಡ್ಯೂಟಿಯೇ. ಗೇರಣ್ಣ ನಿಂತೇ ಇದ್ದ. ಸೊಂಟ ಉರಿಯುತ್ತಿತ್ತು, ಆದರೂ ಕೂರುವ ಮನಸ್ಸಾಗಲಿಲ್ಲ. ಆ ಮುಖವನ್ನು ಅವನು ಹೊಟ್ಟೆ ತುಂಬ ನೋಡಿದ. ನನ್ನನ್ನು ಕೇಳಿದರೆ ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

ಗೆದ್ದಲು, ಬಿರುಕು ಎಲ್ಲ ಅವನು ಕಟ್ಟಿ ಹೇಳಿದ್ದು. ಆ ಲಾರಿಯ ವಿಷಯದಲ್ಲಿ ಅವನು ಹೇಳಿದ ಸುಳ್ಳುಗಳು ಎರಡೇ. ಒಂದನ್ನು ಸಾಹೇಬರಿಗಾಗಿ ಹೇಳಿ ಹನ್ನೊಂದು ವರ್ಷ ಅನುಭವಿಸಿದ್ದ. ಇನ್ನೊಂದನ್ನು ತನಗಾಗಿ ಹೇಳಿದ್ದ, ಅದಕ್ಕಾಗಿ ಅವನಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

ಆರು ವಾರದ ಮೇಲೆ ಕಾಗದ ಬಂತು. ಹೆಂಡತಿ ಹೊಲಿಗೆ ಅಂಗಡಿಯಿಂದ ಬಂದವಳು ಚಪ್ಪಲಿ ಕಳಚದೆ ಅದನ್ನು ಕಸಿದುಕೊಂಡು, ಉಳಿದದ್ದನ್ನೆಲ್ಲ ಬಿಟ್ಟು ಕೊನೆಯ ಸಾಲು ಓದಿದಳು. ಅಲ್ಲಿ 'ಹೌದು' ಎಂದಿತ್ತು. ಮತ್ತೊಮ್ಮೆ ಓದಿದಳು. ಆಮೇಲೆ ಬಾಗಿಲಲ್ಲೇ ಕುಸಿದು ಕೂತು, ಹನ್ನೊಂದು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಅತ್ತುಬಿಟ್ಟಳು. ಅದೇ ವಾರ ಸಾಹೇಬರ ಊನದ ಪಾಲು ರದ್ದಾಯಿತು, ಪಡೆದದ್ದನ್ನು ವಾಪಸು ಕಟ್ಟುವಂತೆ ಆದೇಶವಾಯಿತು, ಸುಳ್ಳು ದಾಖಲೆಯ ಬಗ್ಗೆ ತನಿಖೆಯೂ ಶುರುವಾಯಿತು. ಜೆರಾಕ್ಸಿನವನು ಆ ಆದೇಶದ ಸುದ್ದಿ ಕೇಳಿದ ದಿನ ಗೇಟಿನ ಮುಂದೆ ಬಂದವರಿಗೆಲ್ಲ ಅರ್ಧ ಬೆಲೆಗೆ ಪ್ರತಿ ಮಾಡಿಕೊಟ್ಟ.

ಸೈನ್ಯದ ಆಸ್ಪತ್ರೆಯಲ್ಲಿ ಗೇರಣ್ಣನಿಗೆ ಹೊಸ ಕೀಲು ಹಾಕಿದರು. ಮೂರು ತಿಂಗಳಲ್ಲಿ ಅವನು ಕೋಲು ಹಿಡಿದು, ನಾಲ್ಕು ತಿಂಗಳಲ್ಲಿ ಕೋಲಿಲ್ಲದೆ ನಡೆದ. ಮೇಜು, ಕುರ್ಚಿ, ಇಟ್ಟಿಗೆ ಚೂರು ಇದ್ದಲ್ಲೇ ಇದ್ದವು. ಕೈತುಂಬ ಪಿಂಚಣಿ ಬಂದರೂ ಅವನು ಅರ್ಜಿ ಬರೆಯುವುದನ್ನು ಬಿಡಲಿಲ್ಲ.

ಹೀಗೆ ಒಂದು ಮಧ್ಯಾಹ್ನ, ಸಾಲು ಕರಗಿದ ಮೇಲೆ, ಸಾಹೇಬರು ಮೇಜಿನ ಮುಂದೆ ಬಂದು ನಿಂತರು. ಈ ಸಲ ಹಣ್ಣಿನ ಚೀಲ ಇರಲಿಲ್ಲ. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು. ಬೈಯಲು ಬಂದಿದ್ದಾರೆಂದುಕೊಂಡು ಗೇರಣ್ಣ ಪೆನ್ನು ಕೆಳಗಿಟ್ಟ.

"ದುಡ್ಡಿನ ಮಾತಾಡೋಕೆ ಬಂದಿಲ್ಲ" ಎಂದರು. ದನಿ ಇಳಿದಿತ್ತು. "ಒಂದೇ ಒಂದು ಮಾತು ಕೇಳಬೇಕಿತ್ತು. ಆ ಕನ್ನಡಿ. ಅದು ಮೊದಲೇ ಒಡೆದಿರಲಿಲ್ಲ ಅಲ್ವಾ?"

ಗೇರಣ್ಣ ಪೆನ್ನಿಗೆ ಮುಚ್ಚಳ ಹಾಕಿದ.

"ನಮ್ಮ ಮನೆಯವಳು ಆದೇಶ ಓದಿದ್ದಾಳೆ. ಅದರಲ್ಲಿ ನಿನ್ನ ಹೇಳಿಕೆನೂ ಇದೆ. ಲಾರಿಗೆ ಹತ್ತಿಸೋ ಮೊದಲೇ ನಾನೇ ಒಡೆದು, ಇಷ್ಟು ವರ್ಷ ಡ್ರೈವರ್ ಮೇಲೆ ಹಾಕಿದೆ ಅಂತಾಳೆ. ಅವರಪ್ಪ ಕೊಟ್ಟಿದ್ದು ಅದು. ಎಷ್ಟು ಹೇಳಿದ್ರೂ ನಂಬೋದಿಲ್ಲ. ಬೆನ್ನಿನ ವಿಷಯದಲ್ಲಿ ಸುಳ್ಳು ಹೇಳಿದೋರು ಕನ್ನಡಿ ವಿಷಯದಲ್ಲಿ ನಿಜ ಹೇಳ್ತೀರಾ ಅಂತಾಳೆ. ಮಗಳೂ ಅದನ್ನೇ ಅಂತಾಳೆ. ಮನೇಲಿ ಯಾರೂ ನನ್ನ ಹತ್ರ ನೆಟ್ಟಗೆ ಮಾತಾಡ್ತಿಲ್ಲ." ಸಾಹೇಬರ ಕೈಗಳು ಮೇಜಿನ ಅಂಚನ್ನು ಹಿಡಿದಿದ್ದವು. "ಅದನ್ನ ಹತ್ತಿಸೋವಾಗ ಅವಳು ತವರಲ್ಲಿದ್ಲು, ನೋಡಿದವರಲ್ಲಿ ಈಗ ಸಿಗೋನು ನೀನೊಬ್ಬನೇ. ನಾನು ಹೇಳಿದ್ದು ನಿಜ ಅಂತ ನಿನಗೆ ಗೊತ್ತು. ಒಂದು ಸಾಲು ಬರೆದುಕೊಡು, ಸಾಕು. ಒಂದೇ ಒಂದು ಸಾಲು."

ಗೇರಣ್ಣನಿಗೆ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಕಂಬಳಿ ಸುತ್ತುವ ಮೊದಲು ಅಲ್ಮಾರಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಆಳೆತ್ತರದ ಕನ್ನಡಿ, ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಅವನು ಅದರ ಮುಂದೆ ನಿಂತು ಟೋಪಿ ಸರಿಮಾಡಿಕೊಂಡಿದ್ದ. ಮೂವತ್ತಮೂರು ವರ್ಷದ ಗಟ್ಟಿ ಆಳು, ಎರಡು ಕಾಲೂ ಒಂದೇ ಸಮ, ಹೆಗಲು ಒಂದೇ ಮಟ್ಟ. ತಾನು ಹಾಗೆ ನೆಟ್ಟಗೆ ನಿಂತದ್ದನ್ನು ಅವನು ಕೊನೆಯ ಸಲ ಕಂಡದ್ದು ಅದರಲ್ಲೇ.

ಅವನು ಎದ್ದು, ಇಟ್ಟಿಗೆ ಚೂರನ್ನು ಸರಿಸಿ, ಕಾಗದಗಳನ್ನು ಜೋಡಿಸಿಕೊಂಡ.

"ದಾಖಲೆಯಲ್ಲಿ ಇಲ್ಲದ ಮಾತು ನಾನು ಹೇಗೆ ಸರ್ ಹೇಳಲಿ?" ಎಂದ.

ಆಮೇಲೆ ಮೇಜು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಜೆರಾಕ್ಸ್ ಅಂಗಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿ ಒಳಗೆ ಹೋದ.